ಅಪ್ಪ ಅಲ್ಲೇ ಉಳಿದರು, ನಾನು ಬಂದೆ

ಅಪ್ಪ ಒಡಿಶಾದ ಹಳ್ಳಿಯೊಂದರಲ್ಲಿ 31 ವರ್ಷ ಮಿಷನರಿಯಾಗಿದ್ದರು. ನಾನೂ ಅದೇ ಸೇವೆಗೆ ಹೋದೆ, ಆದರೆ ಆರೇ ವರ್ಷ ಇದ್ದು ಮಂಗಳೂರಿಗೆ ವಾಪಸ್ ಬಂದೆ. ಮಗಳಿಗೆ ಮೂರು ಸಲ ಮಲೇರಿಯಾ ಬಂತು. ಹತ್ತಿರ ಒಳ್ಳೆ ಶಾಲೆ ಇರಲಿಲ್ಲ. ನನ್ನನ್ನು ಆರನೇ ವಯಸ್ಸಿಗೇ ಹಾಸ್ಟೆಲ್‌ಗೆ ಬಿಟ್ಟಿದ್ದರು. ರಾತ್ರಿ ದಿಂಬು ಒದ್ದೆಯಾಗುತ್ತಿದ್ದದ್ದು ಇನ್ನೂ ನೆನಪಿದೆ. ಮಗಳನ್ನು ಹಾಗೆ ಬಿಡಲು ನನ್ನಿಂದ ಆಗಲಿಲ್ಲ.

"ದೇವರ ಕರೆ ಅಂದ್ರೆ ಜೀವನಪೂರ್ತಿ, ಮಗಾ" ಅಂದರು ಅಪ್ಪ. ತುಂಬಾ ನೋವಾಯಿತು.

ಆಗ ಜರ್ಮನ್ ಮಿಷನರಿ ಹರ್ಮನ್ ಮೋಗ್ಲಿಂಗ್ ನೆನಪಾದರು. ಬಾಸೆಲ್ ಮಿಷನ್‌ನಿಂದ 1836ರಲ್ಲಿ ಭಾರತಕ್ಕೆ ಬಂದವರು. 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಶುರು ಮಾಡಿದವರು. ಹೆಂಡತಿಯ ಆರೋಗ್ಯ ಕೆಟ್ಟಾಗ 1860ರಲ್ಲಿ ಅವರೂ ಜರ್ಮನಿಗೆ ಹೊರಟರು. ಅವರನ್ನು ಸೋತವರು ಅಂತ ಯಾರೂ ಅನ್ನೋದಿಲ್ಲ, ಅಲ್ವಾ?

ಮೊನ್ನೆ ಸಂಜೆ ಅಪ್ಪ ಜಗಲಿಯಲ್ಲಿ ಕೂತು ಮೊಮ್ಮಗಳಿಗೆ ಒಡಿಯಾ ಹಾಡು ಕಲಿಸುತ್ತಿದ್ದರು. ನಾನೂ ಹೋಗಿ ಪಕ್ಕದಲ್ಲಿ ಕೂತೆ.