ಬೊಕ್ಕೆ ಎಬ್ಬಿಸೋದು ಬಳ್ಳಿಯಲ್ಲ

ಇವತ್ತು ಪಾಯ್ಸನ್ ಐವಿ ಬಗ್ಗೆ ಓದಲು ಕೂತೆ. ಆಮೇಲೆ ಬೇರೆ ಕೆಲಸಕ್ಕೆ ಮನಸ್ಸೇ ಹೋಗಲಿಲ್ಲ.

ಉತ್ತರ ಅಮೆರಿಕದ ಬಳ್ಳಿ, ತಾಗಿದರೆ ತುರಿಕೆ ಬಂದು ಬೊಕ್ಕೆ ಏಳುತ್ತದೆ. ಎಲೆ ಮುರಿದರೆ ಉರುಶಿಯಾಲ್ ಅನ್ನೋ ಎಣ್ಣೆ ಜಿನುಗುತ್ತದೆ. ಅದು ಚರ್ಮವನ್ನು ಸುಡುತ್ತದೆ ಅಂತ ತಿಳಿದಿದ್ದೆ. ಹಾಗಲ್ಲ. ಎಣ್ಣೆ ಒಳಗೆ ಇಳಿಯುತ್ತದೆ, ಅದರ ಮೇಲೆ ಮುಗಿಬೀಳೋದು ನಮ್ಮದೇ ರಕ್ಷಣಾ ಕೋಶಗಳು. ಅದಕ್ಕೇ ತುರಿಕೆ ತಕ್ಷಣ ಬರುವುದಿಲ್ಲ, ಸಾಮಾನ್ಯವಾಗಿ ಒಂದೆರಡು ದಿನ ಬಿಟ್ಟು ಶುರುವಾಗುತ್ತದೆ. ಬೊಕ್ಕೆಯ ನೀರು ತಾಗಿದರೆ ಹರಡುತ್ತದೆ ಅನ್ನೋದೂ ಸುಳ್ಳು.

ನನ್ನನ್ನು ಹಿಡಿದು ಕೂರಿಸಿದ್ದು 2016ರ ಒಂದು ಸಂಶೋಧನೆ. ನಮ್ಮ ಚರ್ಮದಲ್ಲಿ ಕಾವಲು ಕಾಯುವ ಲ್ಯಾಂಗರ್‌ಹಾನ್ಸ್ ಕೋಶಗಳ ಮೇಲೆ ಸಿಡಿ1ಎ ಅಂತ ಒಂದು ಪ್ರೊಟೀನ್ ಇದೆ. ಅದು ಉರುಶಿಯಾಲನ್ನು ಹಿಡಿದು, ದಾಳಿ ಮಾಡುವ ಟಿ ಕೋಶಗಳಿಗೆ ಎತ್ತಿ ತೋರಿಸುತ್ತದೆ. ಗಲಾಟೆ ಶುರುವಾಗೋದು ಅಲ್ಲಿಂದ. ಇಲಿಗಳಲ್ಲಿ ಈ ಪ್ರೊಟೀನೇ ಇಲ್ಲ! ಹಾಗಾಗಿ ಮನುಷ್ಯರ ಸಿಡಿ1ಎ ಇರುವ ಇಲಿಗಳನ್ನು ಬೆಳೆಸಿ ನೋಡಿದರು. ಉರುಶಿಯಾಲ್ ಹಚ್ಚಿದಾಗ ಅವುಗಳಲ್ಲಿ ಉರಿಯೂತ ಜಾಸ್ತಿಯಾಯಿತು. ಪ್ರತಿಕಾಯ ಕೊಟ್ಟು ಆ ಪ್ರೊಟೀನನ್ನು ತಡೆದಾಗ ಇಳಿಯಿತು.

ಎಷ್ಟು ತಾಳ್ಮೆಯ ಕೆಲಸ, ಅಲ್ವಾ? ಸೋರಿಯಾಸಿಸ್ ಅನ್ನೋ ಚರ್ಮರೋಗದಲ್ಲೂ ಇದೇ ಪ್ರೊಟೀನಿನ ಕೈವಾಡ ಆ ಸಂಶೋಧಕರಿಗೆ ಕಂಡಿದೆ. ವರ್ಷಗಟ್ಟಲೆ ಚರ್ಮದ ಉರಿ ಸಹಿಸುವವರಿಗೆ ಇದರಿಂದ ಒಂದು ಔಷಧಿ ಸಿಗಲಿ ಅಂತ ನನಗೆ ತುಂಬಾ ಆಸೆ.