‘ಮಲ ಪರೀಕ್ಷೆ ನಾರ್ಮಲ್’ ಎಂದು ಬಂದಾಗ

ಎಚ್‌ಐವಿ ಇರುವವರ ಹೊಟ್ಟೆಯ ತೊಂದರೆ ನೋಡುವ ಕೆಲಸದಲ್ಲಿ ಹೆಚ್ಚು ದಾರಿ ತಪ್ಪಿಸುವುದು ‘ಮಲ ಪರೀಕ್ಷೆ ನಾರ್ಮಲ್’ ಎಂಬ ರಿಪೋರ್ಟು. ತಿಂಗಳುಗಟ್ಟಲೆ ಭೇದಿಯಾಗಿ ಸೊರಗಿ ಬಂದವರ ಕೈಯಲ್ಲೂ ಅದೇ ಇರುತ್ತದೆ. ಲ್ಯಾಬಿನವರದ್ದು ತಪ್ಪಲ್ಲ, ಕೇಳಿದ್ದನ್ನಷ್ಟೇ ನೋಡಿರುತ್ತಾರೆ.

ಕ್ರಿಪ್ಟೊಸ್ಪೊರಿಡಿಯಂ ಭೇದಿ ತರುವ, 4ರಿಂದ 6 ಮೈಕ್ರಾನ್‌ನ ಗುಂಡನೆಯ ಪರೋಪಜೀವಿ. ಬರೀ ಸಲೈನ್ ಹಾಕಿ ನೋಡಿದರೆ ಯೀಸ್ಟ್ ಎಂದು ಬಿಟ್ಟುಹೋಗುತ್ತದೆ. ಮಾಡಿಫೈಡ್ ಆ್ಯಸಿಡ್‌ಫಾಸ್ಟ್ ಬಣ್ಣ ಹಾಕಿದರೆ ಕೆಂಪಗೆ ಎದ್ದು ಕಾಣುತ್ತದೆ. ಮೊಟ್ಟೆಯಾಕಾರದ ಸಿಸ್ಟೊಐಸೊಸ್ಪೊರಾ ಎಂಬ ಇನ್ನೊಂದು ಪರೋಪಜೀವಿಗೂ ಇದೇ ಬಣ್ಣ. ಮೈಕ್ರೊಸ್ಪೊರಿಡಿಯಾ ಇನ್ನೂ ಸಣ್ಣದು, ಅದಕ್ಕೆ ಮಾಡಿಫೈಡ್ ಟ್ರೈಕ್ರೋಮ್ ಬಣ್ಣ ಬೇಕು. ಹಾಗಾಗಿ ಪರೀಕ್ಷೆಯ ಚೀಟಿಯಲ್ಲಿ ಈ ಹೆಸರುಗಳನ್ನೂ ಬಣ್ಣವನ್ನೂ ಬಿಡಿಸಿ ಬರೆಯಿರಿ. ಬೇರೆ ಬೇರೆ ದಿನದ ಮೂರು ಮಾದರಿ ಕಳಿಸಿ, ಏಕೆಂದರೆ ಈ ಜೀವಿಗಳು ದಿನವೂ ಒಂದೇ ಪ್ರಮಾಣದಲ್ಲಿ ಹೊರಬೀಳುವುದಿಲ್ಲ. ಈಚೆಗೆ ಆ್ಯಂಟಿಬಯೋಟಿಕ್ ತೆಗೆದುಕೊಂಡಿದ್ದರೆ ಸಿ. ಡಿಫಿಸಿಲ್ (ಆ್ಯಂಟಿಬಯೋಟಿಕ್ ನಂತರ ಕರುಳಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ) ಟಾಕ್ಸಿನ್ ಪರೀಕ್ಷೆಯನ್ನೂ ಪ್ರತ್ಯೇಕವಾಗಿ ಕೇಳಬೇಕು.

ಇಷ್ಟು ತಲೆಕೆಡಿಸಿಕೊಳ್ಳುವುದೇಕೆಂದರೆ, ಹೆಸರು ಬದಲಾದರೆ ಚಿಕಿತ್ಸೆಯೂ ಬದಲಾಗುತ್ತದೆ. ಸಿಸ್ಟೊಐಸೊಸ್ಪೊರಾ ಕೋಟ್ರೈಮಾಕ್ಸಜೋಲ್ ಎಂಬ ಆ್ಯಂಟಿಬಯೋಟಿಕ್‌ಗೆ ಬಗ್ಗುತ್ತದೆ. ಕ್ರಿಪ್ಟೊಸ್ಪೊರಿಡಿಯಂಗೆ ಹಾಗೆ ನೆಚ್ಚಬಹುದಾದ ಮಾತ್ರೆಯಿಲ್ಲ. ನಿಟಜಾಕ್ಸನೈಡ್ ಒಂದಿಷ್ಟು ನೆರವಾದೀತು, ಆದರೆ ನಿಜವಾದ ಮದ್ದು ಎಆರ್‌ಟಿಯಿಂದ (ಎಚ್‌ಐವಿಯನ್ನು ಹತ್ತಿಕ್ಕುವ ನಿತ್ಯದ ಮಾತ್ರೆಗಳಿಂದ) ಸಿಡಿ4 (ಒಂದು ಮೈಕ್ರೊಲೀಟರ್ ರಕ್ತದಲ್ಲಿರುವ ರೋಗನಿರೋಧಕ ಕಣಗಳ ಸಂಖ್ಯೆ) ಮೇಲೇರುವುದೇ.

ಸಿಡಿ4 ಎಂದಾಗ, ವರ್ಷದ ಹಿಂದಿನ ಸಂಖ್ಯೆ ಹಿಡಿದು ಕೂರಬೇಡಿ. 200ಕ್ಕಿಂತ ಸಾಕಷ್ಟು ಮೇಲಿದ್ದರೆ ಎಲ್ಲರಿಗೂ ಬರುವ ಸೋಂಕು, ಇಲ್ಲವೇ ಮಾತ್ರೆಗಳ ಅಡ್ಡಪರಿಣಾಮವೇ ಹೆಚ್ಚು. 100ರ ಕೆಳಗೆ ಕ್ರಿಪ್ಟೊ, ಮೈಕ್ರೊಸ್ಪೊರಿಡಿಯಾ. 50ರ ಕೆಳಗೆ ಸಿಎಂವಿ (ಸೈಟೊಮೆಗಾಲೊ ವೈರಸ್) ಮತ್ತು ಎಂಎಸಿಯನ್ನೂ (ಕ್ಷಯದ ಬ್ಯಾಕ್ಟೀರಿಯಾದ ಕುಲದ್ದೇ ಇನ್ನೊಂದು) ಯೋಚಿಸಬೇಕು. ಭೇದಿಯ ರೂಪವೂ ಸುಳಿವು ಕೊಡುತ್ತದೆ: ನೀರಿನಂತೆ ಧಾರಾಳವಾಗಿ ಹೋಗಿ ತೂಕ ಇಳಿಯುತ್ತಿದ್ದರೆ ಸಣ್ಣ ಕರುಳು, ಸ್ವಲ್ಪಸ್ವಲ್ಪವೇ, ಮುಕ್ಕರಿಕೆ, ಆಮ, ರಕ್ತ ಇದ್ದರೆ ದೊಡ್ಡ ಕರುಳು. ಸಿಡಿ4 ತೀರಾ ಕಡಿಮೆಯಿದ್ದು ರಕ್ತವೂ ಜ್ವರವೂ ಇದ್ದರೆ ಕೊಲೊನೋಸ್ಕೋಪಿ ಮಾಡಿ ಬಯಾಪ್ಸಿ ತೆಗೆಯಬೇಕು. ಸಿಎಂವಿ ಎಂದು ಬಂದರೆ, ಅದು ಕಣ್ಣಿಗೂ ತಗಲಬಹುದಾದ್ದರಿಂದ, ಕಣ್ಣಿನ ಪರೀಕ್ಷೆ ಮರೆಯಬಾರದು.

ಇನ್ನು ಮಾತ್ರೆಗಳು. ಎಆರ್‌ಟಿ ಶುರುಮಾಡಿದ ಅಥವಾ ಬದಲಿಸಿದ ಕೆಲವೇ ವಾರಗಳಲ್ಲಿ ಭೇದಿ ಬಂದು, ಜ್ವರ, ರಕ್ತ ಇಲ್ಲದೆ ತೂಕವೂ ನಿಂತಿದ್ದರೆ ಮಾತ್ರೆಯ ಮೇಲೆ ಅನುಮಾನ. ಲೋಪಿನಾವಿರ್–ರಿಟೊನಾವಿರ್ ಎಂಬ ಎಆರ್‌ಟಿ ಮಾತ್ರೆ ಇದಕ್ಕೆ ಹೆಸರುವಾಸಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಕಾರಣ ಅದೂ ಇರಬಹುದು. ಎಆರ್‌ಟಿಯ ಡೊಲುಟೆಗ್ರಾವಿರ್ ಮಾತ್ರೆ ಜೊತೆಗಿದ್ದರೆ ರಕ್ತದಲ್ಲಿ ಮೆಟ್‌ಫಾರ್ಮಿನ್ ಪ್ರಮಾಣ ಏರುತ್ತದೆ.

‘ಔಷಧಿ ಏನೇನು ತಗೊಳ್ತೀರಿ?’ ಎಂದರೆ ಆ್ಯಂಟಾಸಿಡ್ ಲೆಕ್ಕಕ್ಕೇ ಬರುವುದಿಲ್ಲ. ‘ಎದೆಯುರಿಗೆ ಏನಾದರೂ ಕುಡೀತೀರಾ?’ ಎಂದೇ ಕೇಳಬೇಕು. ಅದರಲ್ಲಿನ ಅಲ್ಯುಮಿನಿಯಂ, ಮೆಗ್ನೀಸಿಯಂ ಕರುಳಿನಲ್ಲೇ ಡೊಲುಟೆಗ್ರಾವಿರನ್ನು ಕಟ್ಟಿಹಾಕುತ್ತವೆ, ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಡೊಲುಟೆಗ್ರಾವಿರನ್ನು ಆ್ಯಂಟಾಸಿಡ್‌ಗಿಂತ 2 ಗಂಟೆ ಮೊದಲು ಇಲ್ಲವೇ 6 ಗಂಟೆ ನಂತರ ನುಂಗಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೂ ಇದೇ ಅಂತರ. ಊಟದ ಜೊತೆ ನುಂಗುವುದಾದರೆ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಯನ್ನು ಡೊಲುಟೆಗ್ರಾವಿರ್ ಜೊತೆ ಒಟ್ಟಿಗೇ ತೆಗೆದುಕೊಳ್ಳಬಹುದು. ಹೊಟ್ಟೆಯ ಆಮ್ಲ ತಗ್ಗಿಸುವ ಒಮೆಪ್ರಜೋಲ್ ಡೊಲುಟೆಗ್ರಾವಿರ್‌ಗೆ ಅಡ್ಡಿಯಿಲ್ಲ, ಇನ್ನೊಂದು ಎಆರ್‌ಟಿ ಮಾತ್ರೆಯಾದ ರಿಲ್ಪಿವಿರಿನ್ ಜೊತೆ ಮಾತ್ರ ಕೂಡದು.

ನುಂಗುವಾಗ ಎದೆಯಲ್ಲಿ ನೋವು, ಬಾಯಲ್ಲಿ ಕೆರೆದರೆ ಬರುವ ಬಿಳಿ ಪೊರೆ ಇದ್ದರೆ ಅನ್ನನಾಳದ ಕ್ಯಾಂಡಿಡಾ (ಶಿಲೀಂಧ್ರ ಸೋಂಕು) ಎಂದೇ ಹಿಡಿದು ಫ್ಲುಕೊನಜೋಲ್ ದಿನಕ್ಕೆ 200 ಮಿ.ಗ್ರಾಂನಂತೆ 14ರಿಂದ 21 ದಿನ ಕೊಡುವುದು ರೂಢಿ. ಬಾಯಿಗೆ ಹಚ್ಚುವ ಮದ್ದು ಅನ್ನನಾಳದವರೆಗೆ ಸಾಲದು. ಒಂದು ವಾರವಾದರೂ ನೋವು ತಗ್ಗದಿದ್ದರೆ ಎಂಡೋಸ್ಕೋಪಿ. ಸಿಎಂವಿ ಅಥವಾ ಹರ್ಪಿಸ್ ಹುಣ್ಣು ಇರಬಹುದು.

ರಿಪೋರ್ಟು ಬರುವತನಕ ನೀರಿನಂಶ ಕಾಯಬೇಕು. ಒಆರ್‌ಎಸ್ ಪೊಟ್ಟಣ ಸಿಗದಿದ್ದರೆ 1 ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪಿನ ಚಮಚ ಗೋಪುರವಾದರೆ ಅಪಾಯ. ಜ್ವರ, ರಕ್ತ ಇರುವಾಗ ಭೇದಿ ನಿಲ್ಲಿಸುವ ಲೋಪೆರಮೈಡ್ ಬೇಡ.

ಭೇದಿಗೆ ಹೆದರಿ ಎಆರ್‌ಟಿಯನ್ನೇ ತಾವಾಗಿ ನಿಲ್ಲಿಸುವವರಿದ್ದಾರೆ. ಹೆಪಟೈಟಿಸ್ ಬಿ ಕೂಡ ಇರುವವರು ಅದನ್ನೂ ಹತ್ತಿಕ್ಕುವ ಎಆರ್‌ಟಿ ಮಾತ್ರೆ ಟೆನೊಫೊವಿರ್ ಥಟ್ಟನೆ ಬಿಟ್ಟರೆ ಯಕೃತ್ತಿನ ಉರಿಯೂತ ಕೆರಳಬಹುದು. ಆದ್ದರಿಂದ ‘ಮಾತ್ರೆ ಬಿಟ್ಟಿದ್ದೀರಾ, ಯಾವತ್ತಿನಿಂದ?’ ಎಂಬುದನ್ನು ಮೊದಲ ಭೇಟಿಯಲ್ಲೇ, ಗದರಿಸದೆ ಕೇಳಿ.