ಕೇದಾರಕಾಂತ ತಯಾರಿ: ಹತ್ತೋದಕ್ಕಿಂತ ಇಳಿಯೋದ ಕಷ್ಟ

ಡಿಸೆಂಬರ್ ಕೊನೀಗೆ ಉತ್ತರಾಖಂಡದ ಕೇದಾರಕಾಂತ ಟ್ರೆಕ್ ಬುಕ್ ಆಗೇತಿ, ಗಂಗಾವತಿಯಿಂದ ನಾವು ಮೂರು ಮಂದಿ ಗೆಳೆಯರು ಹೊಂಟೀವಿ. ಪ್ರಾಕ್ಟೀಸಿಗೆ ನಮಗ ಬೇರೆ ಎಲ್ಲೂ ಹೋಗೋದ ಬೇಕಾಗಿಲ್ಲ, ಹನಮಪ್ಪನ ಗುಡಿ ಇರೋ ಅಂಜನಾದ್ರಿ ಗುಡ್ಡ ಐತಲ್ಲ, 575 ಮೆಟ್ಲು. ಅವ್ವ ಅಂತಾಳ, "ಮೆಟ್ಲು ಹತ್ತಾಕ ಹಿಮಾಲಯಕ್ಕ ಯಾಕ ಹೋಗ್ಬೇಕಪಾ, ಹನಮಪ್ಪ ಇಲ್ಲೇ ಅದಾನ".

ಶನಿವಾರ ಬಿಟ್ಟು ಉಳಿದ ದಿನ ಹೋಗ್ತೀವಿ, ಶನಿವಾರ ಮಂದಿ ಜಾಸ್ತಿ, ನಮ್ಮ ಸ್ಪೀಡಿಗೆ ಹತ್ತಾಕ ಆಗಂಗಿಲ್ಲ. ನಸುಕಿನ್ಯಾಗ ಶುರು ಮಾಡ್ಬೇಕು, ಬಿಸಿಲು ಏರಿತಂದ್ರ ಬಂಡೆಗಲ್ಲು ಕಾದು ಕೆಳಗಿಂದ್ಲೂ ಸೆಕಿ ಹೊಡೀತೈತಿ.

ಹತ್ತೋದು ಈಗ ಸಲೀಸು, ಮಾತಾಡ್ಕೊಂತ ಹತ್ತೀವಿ, ಮಾತಾಡಾಕ ಉಸಿರು ಸಾಲ್ದಿದ್ರ ನಿಧಾನ ಮಾಡ್ಬೇಕು ಅಷ್ಟ ಲೆಕ್ಕ. ತ್ರಾಸು ಇರೋದು ಇಳಿಯೋದ್ರಾಗ. ಒಂದೊಂದು ಮೆಟ್ಲಿಗೂ ತೊಡಿ ಮುಂದಿನ ಸ್ನಾಯು ಮೈಭಾರ ತಡಕೊಂತ ಹಿಗ್ಗಬೇಕು, ನೋವು ಮರುದಿನ ಬರ್ತೈತಿ, ಬಚ್ಚಲಕ್ಕ ಕುಂದ್ರಾಕೂ ಗ್ವಾಡಿ ಹಿಡೀಬೇಕು. ಅದಕ್ಕ ಒಂದು ಉಪಾಯ ಮಾಡೀವಿ: ಬ್ಯಾಗಿನ್ಯಾಗ ಕಲ್ಲಿನ ಬದ್ಲಿ ನೀರಿನ ಬಾಟ್ಲಿ ತುಂಬಿ ಹೊರೋದು, ಮ್ಯಾಲೆ ಹೋದ್ಮ್ಯಾಲೆ ಗಿಡದ ಬುಡಕ್ಕ ಸುರಿಯೋದು, ಖಾಲಿ ಬ್ಯಾಗಿಂದ ಇಳಿಯೋದು. ಭಾರ ಹತ್ತಾಕ ಅಷ್ಟ, ಇಳಿಯಾಕ ಇಲ್ಲ, ಮೊಣಕಾಲಿಗೆ ಭಾಳ ಫರಕ್ ಬಿದ್ದೈತಿ. ಬಾಟ್ಲಿ ಮಾತ್ರ ಹೊರಗ ತೆಗಿಯಂಗಿಲ್ಲ, ಮಂಗ್ಯಾ ಕಸ್ಕೊಂಡು ಮುಚ್ಚಳ ತಿರುವಿ ಕುಡೀತಾವು, ಅಷ್ಟು ಶಾಣ್ಯಾ ಅದಾವು!

ಊಟ ಏನೂ ಬದಲಿ ಮಾಡಿಲ್ಲ. ರೊಟ್ಟಿ, ಕಾಳು ಪಲ್ಯ, ಶೇಂಗಾ ಉಂಡಿ. ಟೀ ಶರ್ಟಿನ ಬೆನ್ನಮ್ಯಾಲೆ ಬೆವರು ಒಣಗಿ ಬಿಳಿ ಉಪ್ಪು ಕಾಣ್ತೈತಿ ನೋಡ್ರಿ, ಆ ದಿನ ಬರೇ ನೀರು ಕುಡಿದ್ರ ತಲಿ ಹಗುರ ಆದಂಗ ಆಗ್ತೈತಿ, ಉಪ್ಪು ಹಾಕಿದ ಮಜ್ಜಿಗಿನ ಬೇಕು.

ಆದ್ರ ಮೆಟ್ಲಿನಿಂದ ಸಿಗದಿರೋದು ಒಂದೈತಿ. ನಮ್ಮ ಕಡೆ ಎತ್ತರ 400-500 ಮೀಟರ್ ಆಸುಪಾಸು, ಕೇದಾರಕಾಂತ ಸುಮಾರು 3,800. 2,500 ದಾಟಿದ್ಮ್ಯಾಲೆ ಹವಾ ತೆಳುವಾಗಿ ತಲಿನೋವು, ವಾಕರಿಕಿ, ಊಟ ಬ್ಯಾಡ ಅನ್ಸೋದು ಶುರು ಆಗಬಹುದು, ಜಿಮ್ ಮಾಡಿ ಗಟ್ಟಿಮುಟ್ಟ ಇದ್ದವರಿಗೂ ಬಿಡಂಗಿಲ್ಲ. ನಮ್ಮ ಗೆಳೆಯಾಗ ಇದು ಹೇಳಿದ್ರ ನಗ್ತಾನ, ಅವಗ ಅನ್ಸೋದು ಸ್ಟ್ಯಾಮಿನಾ ಇದ್ರ ಮುಗೀತು ಅಂತ. ಹಂಗಲ್ಲ, ಎತ್ತರಕ್ಕ ಹೊಂದ್ಕೊಳ್ಳಾಕ ದೇಹಕ್ಕ ಟೈಮ್ ಕೊಡ್ಬೇಕು, ಅಲ್ಲಿ ಥಂಡಿಗೆ ನೀರಡಿಕಿನೂ ಆಗಂಗಿಲ್ಲ, ಆದ್ರ ಒಣ ಹವಾದಾಗ ಉಸಿರಿನ ಜೊತಿನ ನೀರು ಹೊರಗ ಹೋಗ್ತಾ ಇರ್ತೈತಿ, ಕುಡೀಲೇಬೇಕು. ದಾರು ಬ್ಯಾಡ, ನಿದ್ದಿ ಗುಳಿಗಿನೂ ಬ್ಯಾಡ. ತಲಿನೋವು ಇದ್ರ ಮ್ಯಾಲೆ ಏರಂಗಿಲ್ಲ, ಜಾಸ್ತಿ ಆದ್ರ, ನಡಿಗಿ ತೊನೆದಾಡಿದ್ರ, ಇಲ್ಲಾ ಕುಂತಲ್ಲೇ ಏದುಸಿರು ಬಂದ್ರ ರಾತ್ರಿ ಆದ್ರೂ ಕೆಳಗ ಇಳೀಬೇಕು. ಈ ಒಂದು ಮಾತು ಮೂವರೂ ಒಪ್ಪೀವಿ.

ಎತ್ತರದ ತ್ರಾಸು ಬರದಂಗ ತಗೊಳ್ಳೋ ಡೈಮಾಕ್ಸ್ ಗುಳಿಗಿ ಬಗ್ಗೆ ಮುಂದಿನ ವಾರ ಡಾಕ್ಟರ್ ಕಡೆ ಹೋಗ್ತೀವಿ, ಅದು ಸಲ್ಫಾ ಜಾತಿ ಔಷಧ, ನಮ್ಮಾಗ ಒಬ್ಬವಗ ಸಲ್ಫಾ ಆಗಿಬರಂಗಿಲ್ಲ, ಅದನ್ನ ಮೊದ್ಲ ಹೇಳ್ಬೇಕು. ಹೊಸಾ ಶೂ ಇನ್ನೂ ಬಿರುಸು ಅದಾವು, ದೀಪಾವಳಿ ತನ ಮನ್ಯಾಗೂ ಹಾಕ್ಕೊಂಡ ಓಡಾಡೋದು.